ಯುದ್ಧಕಾಲದಲ್ಲಿ ದುಡಿಮೆಯ ಹಕ್ಕು ಮತ್ತು ಮಾಲೀಕರ ಹೊಣೆ: ಕೋಲಾರ ಸೀಮೆಯ ನಿದರ್ಶನ

1. ವಿಷಯದ ವ್ಯಾಪ್ತಿ

ಯುದ್ಧಗಳ ಇತಿಹಾಸವನ್ನು ನಾವು ಬಹುಮಟ್ಟಿಗೆ ಸೇನಾನಿಗಳ, ದಂಡಯಾತ್ರೆಗಳ ಹಾಗೂ ಕೌಲುಗಳ ಇತಿಹಾಸವನ್ನಾಗಿಯೇ ಬೋಧಿಸುತ್ತ ಬಂದಿದ್ದೇವೆ. ರಣರಂಗದಿಂದ ಬಹುದೂರದಲ್ಲಿ ದಿನಗೂಲಿಯನ್ನು ನಂಬಿ ಬದುಕುವವನಿಗೆ ಯುದ್ಧವು ಏನನ್ನು ಕೊಟ್ಟಿತು, ಏನನ್ನು ಕಸಿದುಕೊಂಡಿತು ಎಂಬ ಪ್ರಶ್ನೆಗೆ ನಮ್ಮ ಪಠ್ಯಗ್ರಂಥಗಳಲ್ಲಿ ದೊರೆತಿರುವ ಸ್ಥಾನ ಅಲ್ಪ. ಆದರೆ ಇಪ್ಪತ್ತನೆಯ ಶತಮಾನದ ಮಹಾಯುದ್ಧಗಳು ಕಾರ್ಖಾನೆ, ಗಣಿ, ರೈಲುಮಾರ್ಗಗಳ ಬಲದಿಂದಲೇ ನಡೆದವು. ಆದ್ದರಿಂದ ದುಡಿಯುವವನನ್ನು ಅವನ ಕೆಲಸದಲ್ಲಿ ನಿಲ್ಲಿಸಿಕೊಳ್ಳುವುದು ಸರ್ಕಾರಗಳಿಗೆ ಸೈನಿಕನನ್ನು ಠಾಣ್ಯದಲ್ಲಿ ನಿಲ್ಲಿಸಿಕೊಳ್ಳುವಷ್ಟೇ ಮುಖ್ಯವಾಯಿತು. ಇದಕ್ಕಾಗಿ ರಚಿತವಾದ ಶಾಸನಗಳು ಕಾರ್ಮಿಕನ ಮೇಲೂ ಮಾಲೀಕನ ಮೇಲೂ ಹೊಸ ಕಟ್ಟುಪಾಡುಗಳನ್ನು ಹೇರಿದವು. ಈ ಎರಡು ಬಗೆಯ ಕಟ್ಟುಪಾಡುಗಳು ಸಮತೂಕದಲ್ಲಿದ್ದವೇ ಎಂಬುದೇ ನಮ್ಮ ವಿಚಾರಣೆಯ ವಿಷಯ.

ಪ್ರಸ್ತುತ ಲೇಖನದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳನ್ನೂ ಅವುಗಳ ನೆರೆಯಲ್ಲಿರುವ ಚಿನ್ನದ ಗಣಿಯ ಪ್ರದೇಶವನ್ನೂ ಒಟ್ಟಾಗಿ 'ಕೋಲಾರ ಸೀಮೆ' ಎಂದು ಕರೆದಿದ್ದೇವೆ. ಕಾಲದ ದೃಷ್ಟಿಯಿಂದ ಎರಡು ಸಂದರ್ಭಗಳನ್ನು ಆರಿಸಿಕೊಂಡಿದ್ದೇವೆ: ಮೊದಲನೆಯದು 1939ರಿಂದ 1945ರವರೆಗಿನ ಎರಡನೆಯ ಮಹಾಯುದ್ಧ; ಎರಡನೆಯದು 1962ರ ಚೀನಾ ಯುದ್ಧ ಮತ್ತು ಅದರ ಬೆನ್ನಿಗೆ ಬಂದ ತುರ್ತುಪರಿಸ್ಥಿತಿ. ಈ ಎರಡು ಸಂದರ್ಭಗಳಲ್ಲಿಯೂ ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತವೆಂದು ನಮ್ಮ ಭಾವನೆ. ಕಾರ್ಮಿಕನಿಗೆ ಕೆಲಸವನ್ನು ಬಿಡುವ, ಮುಷ್ಕರ ಹೂಡುವ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಉಳಿಯಿತು? ಯುದ್ಧದಿಂದ ಬಂದ ಗಾಯ ಮತ್ತು ಬೆಲೆಯೇರಿಕೆಗಳ ಭಾರವನ್ನು ಹೊರಬೇಕಾದವರು ಯಾರೆಂದು ಶಾಸನ ಹೇಳಿತು? ಸೇನೆಗೆ ಅಥವಾ ಯುದ್ಧಕಾರ್ಯಕ್ಕೆ ಹೋದವನು ಹಿಂದಿರುಗಿದಾಗ ಅವನ ಹಳೆಯ ಸ್ಥಾನ ಅವನಿಗೆ ದೊರೆಯುತ್ತಿತ್ತೆ?

2. ಗಣಿ ಮತ್ತು ಸುತ್ತಣ ತಾಲ್ಲೂಕುಗಳು

ಕೋಲಾರದ ಚಿನ್ನದ ಗಣಿಗಳ ಆಧುನಿಕ ಚರಿತ್ರೆ 1880ರ ದಶಕದಿಂದ ಮೊದಲಾಗುತ್ತದೆ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ಗಣಿಗಳು ಪ್ರವರ್ಧಮಾನಕ್ಕೆ ಬಂದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಇಲ್ಲಿಗೆ ಹರಿದುಬಂದಿತು. ಮಹಾಯುದ್ಧ ಆರಂಭವಾಗುವ ವೇಳೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಇಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು ಮೊದಲಾದ ಜಿಲ್ಲೆಗಳಿಂದ ಬಂದ ತಮಿಳು ಮಾತನಾಡುವ ಆದಿದ್ರಾವಿಡರು. ಕನ್ನಡ ಮತ್ತು ತೆಲುಗು ಮಾತನಾಡುವ ಸುತ್ತಣ ಹಳ್ಳಿಗಳ ಜನರೂ ಗಣಿಯ ಸಂಬಂಧದಿಂದ ಹೊರಗುಳಿದವರಲ್ಲ. ರಾಗಿ, ಸೊಪ್ಪು, ಸೌದೆಗಳಿಗೆ ಗಣಿಯ ಪೇಟೆ ಒಳ್ಳೆಯ ಗಿರಾಕಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೂಲಿಯ ಆಸರೆಯೂ ಹೌದು.

ಈ ಕಾರ್ಮಿಕರ ಸ್ಥಿತಿಯಲ್ಲಿ ಎರಡು ಸಂಗತಿಗಳು ನಮ್ಮ ವಿಷಯಕ್ಕೆ ಮುಖ್ಯವಾಗಿವೆ. ಮೊದಲನೆಯದಾಗಿ, ಅವರು ವಾಸಿಸುತ್ತಿದ್ದ 'ಲೈನು'ಗಳ ತಟ್ಟಿಯ ಗುಡಿಸಲುಗಳು ಕಂಪನಿಗಳಿಗೆ ಸೇರಿದವು. ಕೆಲಸ ಹೋಯಿತೆಂದರೆ ತಲೆಯ ಮೇಲಣ ಸೂರೂ ಹೋದಂತೆಯೇ. ಎರಡನೆಯದಾಗಿ, ಕಾರ್ಮಿಕರಲ್ಲಿ ಗಣನೀಯ ಭಾಗದವರನ್ನು ಕಂಪನಿಗಳು ನೇರವಾಗಿ ನೇಮಿಸಿಕೊಂಡಿರಲಿಲ್ಲ. ಅವರು ಕಂಟ್ರಾಕ್ಟುದಾರರ ಆಳುಗಳಾಗಿದ್ದರು. ಅವರಿಗೆ ಮಾಲೀಕನೆಂದರೆ ಯಾರು ಎಂಬ ಪ್ರಶ್ನೆಗೆ ಶಾಂತಿಕಾಲದಲ್ಲಿಯೇ ಸ್ಪಷ್ಟವಾದ ಉತ್ತರವಿರಲಿಲ್ಲ.

ಇಲ್ಲಿ 1930ರ ಘಟನೆಯೊಂದನ್ನು ನೆನೆಯಬೇಕು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಕಾರ್ಮಿಕರು ತಮ್ಮ ಹೆಸರನ್ನು ಹೆಬ್ಬೆಟ್ಟಿನ ಗುರುತಿನೊಡನೆ ನೋಂದಾಯಿಸಬೇಕೆಂಬ ನಿಯಮದ ವಿರುದ್ಧ ಸಾವಿರಾರು ಗಣಿಗಾರರು ಕೆಲಸ ನಿಲ್ಲಿಸಿದರು. ಮುಷ್ಕರ ಸುಮಾರು ಮೂರು ವಾರಗಳ ಕಾಲ ನಡೆಯಿತು. ಅಂದು ಕಾರ್ಮಿಕನಿಗೆ ದಾಖಲೆಯೆಂದರೆ ಕಟ್ಟಿಹಾಕುವ ಹಗ್ಗ. ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನನ್ನು ಇನ್ನೊಂದು ಗಣಿಯ ಬಾಗಿಲಲ್ಲಿ ಗುರುತಿಸಿ ತಡೆಯುವ ಸಾಧನ. ಹತ್ತು ವರ್ಷಗಳ ತರುವಾಯ ಯುದ್ಧಕಾಲದ ಶಾಸನಗಳು ಕಾರ್ಮಿಕನಿಗೆ ಕೆಲವು ಹಕ್ಕುಗಳನ್ನು ನೀಡಿದಾಗ, ಆ ಹಕ್ಕನ್ನು ಸಾಧಿಸಿಕೊಳ್ಳಲು ಅವನಿಗೆ ಬೇಕಾದದ್ದೂ ಅಂಥದೇ ದಾಖಲೆ. ಈ ವೈಪರೀತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಶಾಸನಗಳನ್ನು ಪರಿಶೀಲಿಸೋಣ.

3. ಮಹಾಯುದ್ಧದ ಶಾಸನಗಳು

1939ರ ಸೆಪ್ಟೆಂಬರಿನಲ್ಲಿ ಭಾರತವನ್ನು ಯುದ್ಧಕ್ಕೆ ಸೇರಿಸಿದ ಮೇಲೆ ಬ್ರಿಟಿಷ್ ಇಂಡಿಯಾ ಸರ್ಕಾರ ಒಂದರ ಹಿಂದೆ ಒಂದು ಆಜ್ಞೆಯನ್ನು ಹೊರಡಿಸಿತು. 1940ರ ರಾಷ್ಟ್ರಸೇವಾ (ತಾಂತ್ರಿಕ ಸಿಬ್ಬಂದಿ) ಆರ್ಡಿನೆನ್ಸು ಕುಶಲ ಕೆಲಸಗಾರರನ್ನು ಯುದ್ಧೋಪಯೋಗಿ ಕಾರ್ಖಾನೆಗಳಿಗೆ ಕಳುಹಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1941ರ ಅಗತ್ಯಸೇವೆಗಳ ಆರ್ಡಿನೆನ್ಸು ಗೊತ್ತುಪಡಿಸಿದ ಉದ್ಯೋಗಗಳಲ್ಲಿರುವವರು ಸಕಾರಣವಿಲ್ಲದೆ ಕೆಲಸ ಬಿಡುವುದನ್ನು ಅಪರಾಧವೆಂದು ಸಾರಿತು. 1942ರ ಜನವರಿಯಲ್ಲಿ ಭಾರತ ರಕ್ಷಣಾ ನಿಯಮಗಳಿಗೆ ಸೇರಿಸಿದ 81-ಎ ನಿಯಮವು ಮುಷ್ಕರವನ್ನೂ ಬೀಗಮುದ್ರೆಯನ್ನೂ ನಿಷೇಧಿಸಿ, ವಿವಾದಗಳನ್ನು ನ್ಯಾಯನಿರ್ಣಯಕ್ಕೆ ಒಪ್ಪಿಸುವ, ಆ ತೀರ್ಪನ್ನು ಜಾರಿಗೆ ತರುವ ಅಧಿಕಾರವನ್ನು ಸರ್ಕಾರಕ್ಕೆ ಒದಗಿಸಿತು.

ಈ ಶಾಸನಗಳು ಏಕಪಕ್ಷೀಯವಾಗಿದ್ದವೆಂದು ಹೇಳುವುದು ಸರಿಯಲ್ಲ. ತಾಂತ್ರಿಕ ಸಿಬ್ಬಂದಿಯ ಆರ್ಡಿನೆನ್ಸಿನ ಪ್ರಕಾರ ಯುದ್ಧಕಾರ್ಯಕ್ಕೆ ಒಯ್ದ ಕೆಲಸಗಾರನನ್ನು ಅವನ ಹಿಂದಣ ಮಾಲೀಕನು ಮರಳಿ ಸೇರಿಸಿಕೊಳ್ಳಬೇಕಾಗಿತ್ತು. ಅಗತ್ಯಸೇವೆಗಳ ಆರ್ಡಿನೆನ್ಸಿನ ಪ್ರಕಾರ ಸಕಾರಣವಿಲ್ಲದೆ ಕೆಲಸದಿಂದ ತೆಗೆಯುವ ಮಾಲೀಕನೂ ಅಪರಾಧಿಯಾಗುತ್ತಿದ್ದನು. ಕೂಲಿ ಮತ್ತು ಕೆಲಸದ ನಿಬಂಧನೆಗಳನ್ನು ಗೊತ್ತುಪಡಿಸುವ ಅಧಿಕಾರವೂ ಸರ್ಕಾರಕ್ಕಿತ್ತು. ಆದರೆ ಇವೆರಡರ ನಡುವೆ ಒಂದು ಅಂತರವಿದೆ. ಕಾರ್ಮಿಕನು ಕೆಲಸ ಬಿಡಬಾರದೆಂಬುದು ಆಜ್ಞೆ ಹೊರಟ ಕ್ಷಣದಿಂದಲೇ ಜಾರಿಗೆ ಬರುವ ಕಟ್ಟಳೆ. ಅವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂಬುದಾದರೋ ಸರ್ಕಾರವು ಪ್ರತ್ಯೇಕವಾಗಿ ಮನಸ್ಸು ಮಾಡಿದಾಗ ಮಾತ್ರ ಜೀವ ತಳೆಯುವ ಅಧಿಕಾರ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಡೆದುದನ್ನು ಹೋಲಿಸಿ ನೋಡಿದರೆ ಈ ಅಂತರ ಸ್ಪಷ್ಟವಾಗುತ್ತದೆ. ಅಲ್ಲಿ ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ 1941ರ ಮಾರ್ಚಿಯಲ್ಲಿ ತಂದ ಅಗತ್ಯಕಾರ್ಯಗಳ ಆಜ್ಞೆಯು ಕೆಲಸ ಬಿಡುವ ಸ್ವಾತಂತ್ರ್ಯವನ್ನು ಕಾರ್ಮಿಕನಿಂದಲೂ, ಕೆಲಸದಿಂದ ತೆಗೆಯುವ ಸ್ವಾತಂತ್ರ್ಯವನ್ನು ಮಾಲೀಕನಿಂದಲೂ ಒಂದೇ ಕೈಯಿಂದ ಹಿಂತೆಗೆದುಕೊಂಡಿತು. ಅದರೊಡನೆಯೇ ಖಾತರಿಯ ಕೂಲಿಯನ್ನೂ ಕ್ಷೇಮಸೌಕರ್ಯಗಳನ್ನೂ ಮಾಲೀಕನ ಹೊಣೆಯನ್ನಾಗಿಸಿತು. ಸೇನೆಯಿಂದ ಮರಳಿದವರನ್ನು ಹಳೆಯ ಕೆಲಸಕ್ಕೆ ಸೇರಿಸಿಕೊಳ್ಳುವ ವಿಷಯದಲ್ಲಿ 1944ರಲ್ಲಿ ಪ್ರತ್ಯೇಕ ಕಾಯಿದೆಯೇ ಆಯಿತು. ಭಾರತದ ಸೇನೆಯಲ್ಲಾದರೋ ಇಪ್ಪತ್ತೈದು ಲಕ್ಷದಷ್ಟು ಜನ ಸ್ವಯಿಚ್ಛೆಯಿಂದ ಸೇರಿದರು. ಅವರ ಪುನರ್ವಸತಿಗಾಗಿ 1945ರ ಜುಲೈಯಲ್ಲಿ ಒಂದು ನಿರ್ದೇಶನಾಲಯವೂ ಉದ್ಯೋಗ ವಿನಿಮಯ ಕಚೇರಿಗಳೂ ಏರ್ಪಟ್ಟವು. ಇಂಗ್ಲೆಂಡಿನಲ್ಲಿ ಮಾಲೀಕನ ಮೇಲೆ ಬಿದ್ದ ಹೊಣೆ ಇಲ್ಲಿ ಮುಖ್ಯವಾಗಿ ಸರ್ಕಾರದ ಕಚೇರಿಯ ಮುಂದಿನ ಸಾಲಾಗಿ ಮಾರ್ಪಟ್ಟಿತು.

ಗಾಯಗಳ ವಿಷಯವನ್ನು ತೆಗೆದುಕೊಳ್ಳೋಣ. 1942ರ ಏಪ್ರಿಲ್ 6ರಂದು ಜಪಾನೀ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಹಾಕಿದವು. ಮದರಾಸಿನಿಂದ ಜನ ಗುಂಪುಗುಂಪಾಗಿ ಒಳನಾಡಿಗೆ ಹೊರಟರು. ಮದರಾಸಿನ ಹೆದ್ದಾರಿಯ ಮೇಲಿರುವ ಮುಳಬಾಗಿಲಿಗಾಗಲಿ, ರೈಲುಮಾರ್ಗದ ಮೇಲಿರುವ ಮಾಲೂರಿಗಾಗಲಿ ಯುದ್ಧವು ಆಗ ಕೇವಲ ವೃತ್ತಪತ್ರಿಕೆಯ ಸುದ್ದಿಯಾಗಿರಲಿಲ್ಲ. ಯುದ್ಧದಲ್ಲಿ ಗಾಯಗೊಂಡವರಿಗೆ ಸರ್ಕಾರದ ನೆರವು 1941ರ ಆರ್ಡಿನೆನ್ಸಿನಿಂದ ದೊರೆಯುತ್ತಿತ್ತಾದರೂ ಮಾಲೀಕನ ಹೊಣೆಯನ್ನು ನಿರ್ಣಯಿಸಿದ ಕಾಯಿದೆ 1943ರಲ್ಲಿ ಬಂದಿತು. ಯುದ್ಧಗಾಯಗಳ (ಪರಿಹಾರ ವಿಮೆ) ಕಾಯಿದೆಯನ್ನು ಮಂಡಿಸಿದವರು ಆಗ ವೈಸರಾಯರ ಕಾರ್ಯಾಂಗದಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್. ಸಾಮಾನ್ಯ ಅಪಘಾತವಾಗಿದ್ದರೆ ಕಾರ್ಮಿಕರ ಪರಿಹಾರ ಕಾಯಿದೆಯ ಮೇರೆಗೆ ದೊರೆಯುತ್ತಿದ್ದ ಮೊತ್ತಕ್ಕೂ ಸರ್ಕಾರದ ಯುದ್ಧನೆರವಿಗೂ ಇರುವ ವ್ಯತ್ಯಾಸವನ್ನು ಮಾಲೀಕನು ತುಂಬಿಕೊಡಬೇಕು, ಅದಕ್ಕಾಗಿ ಸರ್ಕಾರದಲ್ಲಿ ವಿಮೆ ಇಳಿಸಬೇಕು ಎಂಬುದು ಅದರ ತಿರುಳು. ಯುದ್ಧದ ವಿಪತ್ತು ಯಾರ ತಪ್ಪೂ ಅಲ್ಲದಿದ್ದರೂ ಕೆಲಸದ ಸ್ಥಳದಲ್ಲಿ ಬಂದ ವಿಪತ್ತಿಗೆ ಮಾಲೀಕನು ಪಾಲುಗಾರನೆಂಬ ತತ್ತ್ವವನ್ನು ಈ ಕಾಯಿದೆ ಸ್ಥಾಪಿಸಿತು. ಇದು ಸಣ್ಣ ಮಾತಲ್ಲ.

ಆದರೂ 'ಯುದ್ಧದ ಗಾಯ' ಎಂಬುದಕ್ಕೆ ಶಾಸನ ಕೊಟ್ಟ ಅರ್ಥ ಬಾಂಬು, ಗುಂಡುಗಳ ಗಾಯ. ಗಣಿಯ ಆಳದಲ್ಲಿ ಬಂಡೆ ಸಿಡಿದು ಆಗುವ ಸಾವು, ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಬೇನೆ ಇವುಗಳಿಗೂ ಯುದ್ಧಕ್ಕೂ ಸಂಬಂಧ ಕಲ್ಪಿಸುವಂತಿರಲಿಲ್ಲ. ಭಾರತದಲ್ಲಿ ಸಿಲಿಕೋಸಿಸ್ ರೋಗದ ಮೊದಲ ವೈದ್ಯಕೀಯ ವರದಿ 1947ರಲ್ಲಿ ಬಂದುದು ಕೋಲಾರದ ಗಣಿಗಳಿಂದಲೇ. ಆ ಧೂಳು ಯುದ್ಧದ ವರ್ಷಗಳುದ್ದಕ್ಕೂ ಗಣಿಗಾರರ ಎದೆಯಲ್ಲಿ ಶೇಖರವಾಗುತ್ತಲೇ ಇದ್ದಿತು.

ತುಟ್ಟಿಭತ್ಯದ ಮಾತೂ ಇಂಥದೇ. ಜಿ.ಐ.ಪಿ. ರೈಲ್ವೆ ನೌಕರರ ಬೇಡಿಕೆಯನ್ನು ವಿಚಾರಿಸಲು 1940ರಲ್ಲಿ ನ್ಯಾಯಮೂರ್ತಿ ಬಿ. ಎನ್. ರಾವ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಮಂಡಲಿ ಏರ್ಪಟ್ಟಿತು. ಬೆಲೆಯೇರಿಕೆಯ ಭಾರವನ್ನೆಲ್ಲ ಕಾರ್ಮಿಕನೊಬ್ಬನೇ ಹೊರಲಾರನೆಂಬುದು ಕ್ರಮೇಣ ಅಂಗೀಕೃತವಾಯಿತು. ಆದರೆ ಎಲ್ಲ ಮಾಲೀಕರನ್ನೂ ಒಂದೇ ಪ್ರಮಾಣದಲ್ಲಿ ಕಟ್ಟುವ ಕಾಯಿದೆ ಬರಲಿಲ್ಲ. ಒಂದೆಡೆ ನಗದು ಭತ್ಯ, ಇನ್ನೊಂದೆಡೆ ಅಗ್ಗದ ಧಾನ್ಯದ ಅಂಗಡಿ, ಮತ್ತೊಂದೆಡೆ ಏನೂ ಇಲ್ಲ. ಹೀಗೆ ಉದ್ಯಮದಿಂದ ಉದ್ಯಮಕ್ಕೆ ರೀತಿ ಬೇರೆಬೇರೆಯಾಗಿತ್ತು.

4. ಮೈಸೂರು ಸಂಸ್ಥಾನದ ಮಾರ್ಗ

ಕೋಲಾರ ಸೀಮೆ ಬ್ರಿಟಿಷ್ ಇಂಡಿಯಾಕ್ಕೆ ಸೇರಿರಲಿಲ್ಲವೆಂಬುದನ್ನು ಇಲ್ಲಿ ಮರೆಯಲಾಗದು. ದೆಹಲಿಯ ಆರ್ಡಿನೆನ್ಸುಗಳು ಮೈಸೂರು ಸಂಸ್ಥಾನದಲ್ಲಿ ತಾವಾಗಿಯೇ ಜಾರಿಗೆ ಬರುವಂತಿರಲಿಲ್ಲ. ಸಂಸ್ಥಾನವು ತನ್ನದೇ ಮಾರ್ಗವನ್ನು ಹಿಡಿಯಿತು. 1941ರ ತುರ್ತು ಕಾರ್ಮಿಕ ಕಾಯಿದೆ, ಅನಂತರ ದಿವಾನ್ ಎನ್. ಮಾಧವರಾಯರ ಕಾಲದ 1942ರ ಮೈಸೂರು ಕಾರ್ಮಿಕ ಕಾಯಿದೆ ಇವು ಕಾರ್ಮಿಕರ ಸಂಘಗಳಿಗೆ ಶಾಸನಬದ್ಧವಾದ ಮನ್ನಣೆಯನ್ನು ಕೊಟ್ಟು, ವಿವಾದಗಳನ್ನು ಮೊದಲು ರಾಜಿಯಿಂದ, ಅದು ಕೈಗೂಡದಿದ್ದರೆ ಪಂಚಾಯ್ತಿಯಿಂದ ಬಗೆಹರಿಸುವ ಏರ್ಪಾಡನ್ನು ಮಾಡಿದವು. ಯುದ್ಧದ ಒತ್ತಡದಲ್ಲಿಯೇ ಮೈಸೂರಿನ ಕಾರ್ಮಿಕನಿಗೆ ಸಂಘದ ಹಕ್ಕು ಕಾಯಿದೆಯ ಮೂಲಕ ದೊರೆಯಿತೆಂಬುದು ಗಮನಾರ್ಹ. ಮುಷ್ಕರದ ಸ್ವಾತಂತ್ರ್ಯವನ್ನು ಕುಗ್ಗಿಸುವ ಸರ್ಕಾರ, ಅದರ ಬದಲಿಗೆ ಮಾತನಾಡುವ ವೇದಿಕೆಯನ್ನು ಕೊಟ್ಟಿತು ಎಂದು ಇದನ್ನು ಅರ್ಥಮಾಡಬಹುದು.

ಆ ವೇದಿಕೆ ಸಾಲದೆ ಬಂದುದಕ್ಕೆ ಗಣಿಯ ಚರಿತ್ರೆಯೇ ಸಾಕ್ಷಿ. ಅಮೆರಿಕದಲ್ಲಿ ಚಿನ್ನವು ಯುದ್ಧಕ್ಕೆ ಅಗತ್ಯವಾದ ಲೋಹವಲ್ಲವೆಂದು 1942ರ ಅಕ್ಟೋಬರಿನಲ್ಲಿ ಚಿನ್ನದ ಗಣಿಗಳನ್ನು ಮುಚ್ಚುವಂತೆ ಆಜ್ಞೆಯಾಯಿತು. ಕೋಲಾರದ ಗಣಿಗಳಾದರೋ ಯುದ್ಧದುದ್ದಕ್ಕೂ ನಡೆದವು. ಧಾನ್ಯದ ಬೆಲೆ ಏರಿದ, ಅಭಾವ ಕಾಡಿದ ಆ ವರ್ಷಗಳಲ್ಲಿ ಕಾರ್ಮಿಕರು ನುಂಗಿಕೊಂಡ ಅಸಮಾಧಾನ ಯುದ್ಧ ಮುಗಿದ ಮೇಲೆ ಹೊರಬಿದ್ದಿತು. 1946ರ ನವೆಂಬರ್ 4ರಂದು ಪೊಲೀಸರ ಕಾರ್ಯಾಚರಣೆಯಲ್ಲಿ ಆರು ಮಂದಿ ಕಾರ್ಮಿಕರು ಮಡಿದರು. ಯುದ್ಧಕಾಲದ ತಾಳ್ಮೆಗೆ ಶಾಂತಿಕಾಲದಲ್ಲಿ ಸಲ್ಲಬೇಕಾದ ಪ್ರತಿಫಲವನ್ನು ಯಾವ ಶಾಸನವೂ ಮುಂಚಿತವಾಗಿ ಗೊತ್ತುಪಡಿಸಿರಲಿಲ್ಲವೆಂಬುದು ಈ ದುರಂತದ ಹಿನ್ನೆಲೆಯ ಕಾರಣಗಳಲ್ಲಿ ಒಂದೆಂದು ನಾವು ಭಾವಿಸುತ್ತೇವೆ.

5. 1962ರ ತುರ್ತುಪರಿಸ್ಥಿತಿ

ಇಪ್ಪತ್ತು ವರ್ಷಗಳಲ್ಲಿ ಪರಿಸ್ಥಿತಿ ಬಹಳಷ್ಟು ಮಾರ್ಪಟ್ಟಿತು. ಸಂಸ್ಥಾನ ಹೋಗಿ ರಾಜ್ಯವಾಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರ ಅಕ್ಟೋಬರ್ 26ರಂದು ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ನವೆಂಬರ್ 3ರಂದು ದೆಹಲಿಯಲ್ಲಿ ಸೇರಿದ ಮಾಲೀಕರ ಮತ್ತು ಕಾರ್ಮಿಕರ ಕೇಂದ್ರ ಸಂಘಗಳು ಕೈಗಾರಿಕಾ ಶಾಂತಿಯ ನಿರ್ಣಯವನ್ನು ಅಂಗೀಕರಿಸಿದವು. ಉತ್ಪಾದನೆಗೆ ಭಂಗ ತರಬಾರದು, ವಿವಾದಗಳನ್ನು ಸ್ವಯಿಚ್ಛೆಯ ಪಂಚಾಯ್ತಿಗೆ ಒಪ್ಪಿಸಬೇಕು, ಕೆಲಸದಿಂದ ವಜಾ ಮಾಡುವುದನ್ನು ಆದಷ್ಟು ತಪ್ಪಿಸಬೇಕು, ಬೆಲೆಗಳನ್ನು ಹಿಡಿತದಲ್ಲಿಡಬೇಕು ಎಂಬುವು ಅದರ ಮುಖ್ಯಾಂಶಗಳು. 1942ರಲ್ಲಿ ಆಜ್ಞೆಯಿಂದ ಬಂದುದು 1962ರಲ್ಲಿ ಒಪ್ಪಂದದಿಂದ ಬಂದಿತು. ಇದು ನಿಜಕ್ಕೂ ಮುನ್ನಡೆ. ಅದೇ ವರ್ಷದ ಡಿಸೆಂಬರ್ 1ರಂದು ಗಣಿಗಳು ಕೇಂದ್ರ ಹಣಕಾಸು ಸಚಿವಾಲಯದ ವಶಕ್ಕೆ ಹೋದವು. ಕಾರ್ಮಿಕನಿಗೆ ಸಂಯಮವನ್ನು ಬೋಧಿಸುವ ಸರ್ಕಾರವೇ ಅವನ ಮಾಲೀಕನೂ ಆಯಿತು.

1962ರ ವೈಯಕ್ತಿಕ ಗಾಯಗಳ (ತುರ್ತು ಏರ್ಪಾಡುಗಳ) ಕಾಯಿದೆ ಮತ್ತು 1963ರ ಪರಿಹಾರ ವಿಮೆಯ ಕಾಯಿದೆ ಇವು ಮಹಾಯುದ್ಧಕಾಲದ ಮಾದರಿಯನ್ನೇ ಅನುಸರಿಸಿದವು. ಮರುನೇಮಕದ ವಿಷಯದಲ್ಲಿ ಮಾತ್ರ ಸ್ವತಂತ್ರ ಭಾರತದ ಶಾಸನ ಒಂದು ಹೆಜ್ಜೆ ಮುಂದಿತ್ತು. 1948ರ ಪ್ರಾದೇಶಿಕ ಸೇನಾ ಕಾಯಿದೆಗೆ 1952ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಸೇವೆಗೆ ಕರೆಬಂದು ಹೋದ ನೌಕರನನ್ನು ಮಾಲೀಕನು ಮೊದಲಿಗಿಂತ ಕಡಮೆಯಲ್ಲದ ಅನುಕೂಲಗಳೊಡನೆ ಮರಳಿ ಸೇರಿಸಿಕೊಳ್ಳಬೇಕು. ನಿರಾಕರಿಸಿದಲ್ಲಿ ಗೊತ್ತುಪಡಿಸಿದ ಅಧಿಕಾರಿಯು ಮರುನೇಮಕಕ್ಕಾಗಲಿ, ಆರು ತಿಂಗಳ ವೇತನದ ಪರಿಹಾರಕ್ಕಾಗಲಿ ಆಜ್ಞೆ ಮಾಡಬಹುದು. ಭವಿಷ್ಯನಿಧಿ ಮೊದಲಾದ ಹಕ್ಕುಗಳೂ ಸುರಕ್ಷಿತ. ಆದರೆ ಮಾಲೀಕನು ಯಾರೆಂದು ತೋರಿಸಬಲ್ಲವನಿಗೇ ಈ ರಕ್ಷಣೆ. ಮೇಸ್ತ್ರಿಯ ಕೈಕೆಳಗೆ ಇಂದು ಒಂದು ಕಡೆ, ನಾಳೆ ಇನ್ನೊಂದು ಕಡೆ ದುಡಿಯುವವನು ಯಾರ ಬಾಗಿಲಿಗೆ ಮರಳಿ ಹೋಗಬೇಕು?

6. ಹಾಜರಿ ಪುಸ್ತಕದ ಹೊರಗಿನವರು

ಈ ಪ್ರಶ್ನೆಯ ತೀಕ್ಷ್ಣತೆ ಗಣಿಯೊಳಗಿಗಿಂತ ಸುತ್ತಣ ಪೇಟೆಗಳಲ್ಲಿ ಹೆಚ್ಚಾಗಿ ಕಾಣುತ್ತದೆ. 1963ರ ಜನವರಿ 9ರಂದು ಭಾರತ ರಕ್ಷಣಾ ನಿಯಮಗಳ ಮೇರೆಗೆ ಚಿನ್ನದ ಹತೋಟಿ ಜಾರಿಗೆ ಬಂದಿತು. ಆಗ ಹಣಕಾಸು ಸಚಿವರಾಗಿದ್ದವರು ಮೊರಾರ್ಜಿ ದೇಸಾಯಿ. ಹೊಸ ಒಡವೆಗಳನ್ನು 14 ಕ್ಯಾರಟ್ಟಿಗಿಂತ ಹೆಚ್ಚಿನ ಶುದ್ಧತೆಯ ಚಿನ್ನದಲ್ಲಿ ಮಾಡಕೂಡದೆಂದು ವಿಧಿಸಲಾಯಿತು. ವಿದೇಶೀ ವಿನಿಮಯವನ್ನು ಉಳಿಸುವುದು, ಕಳ್ಳಸಾಗಣೆಯನ್ನು ತಡೆಯುವುದು ಸರ್ಕಾರದ ಉದ್ದೇಶ. ಕೋಲಾರದ ಪೇಟೆಯಲ್ಲಾಗಲಿ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಕಸಬಾಗಳಲ್ಲಾಗಲಿ, ನಾಡಿನ ಬೇರೆಡೆಗಳಲ್ಲಿದ್ದಂತೆಯೇ ಕುಂಪಟಿಯ ಮುಂದೆ ಕುಳಿತು ಬದುಕುತ್ತಿದ್ದ ಅಕ್ಕಸಾಲಿಗನಿಗೆ 22 ಕ್ಯಾರಟ್ಟಿನ ಚಿನ್ನವೇ ಕಸಬಿನ ಜೀವಾಳ. ತಾಳಿಯನ್ನು ಮಾಡಿಸಲು ಬರುವ ರೈತನಿಗೆ 14 ಕ್ಯಾರಟ್ಟಿನ ಚಿನ್ನ ಚಿನ್ನವೇ ಅಲ್ಲ.

ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು, ಆತ್ಮಹತ್ಯೆಗಳೂ ವರದಿಯಾದವು. ಸರ್ಕಾರ ಸಾಲದ ನೆರವನ್ನೂ ಮಕ್ಕಳ ಓದಿಗೆ ರಿಯಾಯಿತಿಯನ್ನೂ ಘೋಷಿಸಿತು. ಅದೇ ವರ್ಷದಲ್ಲಿ ನಿಯಮ ಸಡಿಲಿಸಿ ಗಿರಾಕಿಗಳ ಹಳೆಯ ಒಡವೆಗಳನ್ನು ಕರಗಿಸಿ ಮಾಡಿಕೊಡಲು ಅವಕಾಶ ಕೊಟ್ಟಿತು. 1966ರಲ್ಲಿ ಶುದ್ಧತೆಯ ಮಿತಿ ಹೋಯಿತು. 1968ರಲ್ಲಿ ಪ್ರತ್ಯೇಕವಾಗಿ ಬಂದ ಚಿನ್ನದ ಹತೋಟಿ ಕಾಯಿದೆ 1990ರಲ್ಲಿ ರದ್ದಾಯಿತು.

ನಮ್ಮ ದೃಷ್ಟಿಯಿಂದ ಇಲ್ಲಿ ವಿಚಾರಣೀಯವಾದ ಅಂಶವೊಂದಿದೆ. ಗಣಿಯಲ್ಲಿ ಚಿನ್ನವನ್ನು ತೆಗೆಯುವವನು ಮತ್ತು ಕೆಲವೇ ಮೈಲಿಗಳ ಆಚೆ ಅದಕ್ಕೆ ರೂಪ ಕೊಡುವವನು ಇಬ್ಬರೂ ಒಂದೇ ಲೋಹವನ್ನು ನಂಬಿ ಬದುಕಿದವರು. ಗಣಿಗಾರನನ್ನು ಕೆಲಸದಿಂದ ತೆಗೆಯಬಾರದೆಂದು ನವೆಂಬರಿನ ನಿರ್ಣಯ ಹೇಳಿತು. ಅಕ್ಕಸಾಲಿಗನ ಕೆಲಸವನ್ನು ಜನವರಿಯ ನಿಯಮ ತಾನೇ ತೆಗೆಯಿತು. ಅವನಿಗೆ ಸಂಘವಿದ್ದರೂ ಎದುರಿಗೆ ಕೂಡಿಸಿಕೊಂಡು ಮಾತನಾಡಲು ಮಾಲೀಕನಿರಲಿಲ್ಲ. ಸರಾಫರ ಅಂಗಡಿಗೆ ಕೂಲಿಯ ಮೇಲೆ ಒಡವೆ ಮಾಡಿಕೊಡುತ್ತಿದ್ದವನ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇರಲಿಲ್ಲ. ಮಹಾಯುದ್ಧದ ಕಾಲದಲ್ಲಿ ಪ್ಯಾರಾಚೂಟಿನ ಬಟ್ಟೆಗೆಂದು ಮೈಸೂರು ರೇಷ್ಮೆಗೆ ಬೇಡಿಕೆ ಏರಿದಾಗ ಈ ಜಿಲ್ಲೆಯ ಮನೆಮನೆಗಳಲ್ಲಿ ಚರಕದ ಮುಂದೆ ನೂಲು ಬಿಚ್ಚಿದ ಹೆಂಗಸರ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಯುದ್ಧಕ್ಕೆ ಅವರ ದುಡಿಮೆ ಬೇಕಾಗಿತ್ತು. ಆದರೆ ಯುದ್ಧಕಾಲದ ಶಾಸನಗಳು ಅವರನ್ನು ಕಾರ್ಮಿಕರೆಂದು ಎಣಿಸಲಿಲ್ಲ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ನಿರ್ಣಯಗಳಿಗೆ ಬರಬಹುದು. ಕಾರ್ಮಿಕನನ್ನು ಕಟ್ಟುವ ನಿಯಮಗಳು ಯುದ್ಧದ ಆರಂಭದಲ್ಲಿಯೇ ಬಂದವು. ಮಾಲೀಕನನ್ನು ಕಟ್ಟುವ ನಿಯಮಗಳಲ್ಲಿ ಕೆಲವು ಮಾತ್ರ ಜೊತೆಯಲ್ಲಿ ಬಂದವು, ಉಳಿದವು ತಡವಾಗಿ ಬಂದವು. ಎರಡನೆಯದಾಗಿ, 1942ರ ಆಜ್ಞೆಯಿಂದ 1962ರ ಒಪ್ಪಂದದವರೆಗೆ ಆದ ಬದಲಾವಣೆ ಸರ್ಕಾರದ ಔದಾರ್ಯದ ಫಲ ಮಾತ್ರವಲ್ಲ. 1930, 1946ರಂಥ ವರ್ಷಗಳಲ್ಲಿ ಕಾರ್ಮಿಕರು ತೆತ್ತ ಬೆಲೆಯೂ ಅದರಲ್ಲಿ ಸೇರಿದೆ. ಮೂರನೆಯದಾಗಿ, ಯುದ್ಧಕಾಲದ ಹಕ್ಕುಗಳೆಲ್ಲವೂ ದಾಖಲೆಯನ್ನು ಅವಲಂಬಿಸಿದವು. ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ ಕಷ್ಟದಲ್ಲಿ ಕೇಳಲು ಒಂದು ಬಾಗಿಲಿತ್ತು, ಹೆಸರಿಲ್ಲದವನಿಗೆ ಅದಿರಲಿಲ್ಲ.

ಯುದ್ಧಕಾಲದಲ್ಲಿ ಸ್ವಾತಂತ್ರ್ಯಗಳಿಗೆ ಮಿತಿ ಅನಿವಾರ್ಯವೆಂದು ಕೆಲವರು ಆಕ್ಷೇಪಿಸಬಹುದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಮಿತಿ ಅನಿವಾರ್ಯವಾದರೆ ಅದರ ಪ್ರತಿಯಾದ ಹೊಣೆಯೂ ಅಷ್ಟೇ ಅನಿವಾರ್ಯ, ಅದೂ ಅದೇ ದಿನ, ಅದೇ ಆಜ್ಞೆಯಲ್ಲಿ ಬರಬೇಕು ಎಂಬುದಷ್ಟೇ ನಮ್ಮ ವಾದ.

ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸಯನೈಡು ಬೆರೆತ ಮಣ್ಣಿನ ದಿಬ್ಬಗಳು ಇಂದಿಗೂ ಅಲ್ಲಿ ನಿಂತಿವೆ. ಕಾರ್ಮಿಕ ಕುಟುಂಬಗಳ ಪೆಟ್ಟಿಗೆಗಳಲ್ಲಿ ಉಳಿದಿರಬಹುದಾದ ಕೂಲಿಚೀಟಿಗಳು, ಸೇನೆಯ ಬಿಡುಗಡೆ ಪತ್ರಗಳು, ಸರಾಫರ ಲೆಕ್ಕದ ಪುಸ್ತಕಗಳು ದಿಬ್ಬಗಳಷ್ಟು ಕಾಲ ಉಳಿಯುವಂಥವಲ್ಲ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರುಗಳಲ್ಲಿ ಅವನ್ನು ಹುಡುಕಿ, ನಕಲು ಮಾಡಿ, ಹಿರಿಯರ ಮಾತನ್ನು ಬರೆದಿಟ್ಟುಕೊಂಡರೆ, ಹಾಜರಿ ಪುಸ್ತಕಕ್ಕೆ ಸೇರದೆ ಹೋದವರಿಗೆ ಚರಿತ್ರೆಯ ಪುಸ್ತಕದಲ್ಲಾದರೂ ಸ್ಥಳ ದೊರೆತೀತು.